ಒಂದು ರೋಲಿಗೆ ಮೂರು ಕೈ

ಜನವರಿ 14, 2019. ಸೋಮವಾರ

ಬೆಳಿಗ್ಗೆ ಎಂಟಕ್ಕೇ ಫಿಲಂ ತೊಳೆಯುವ ಡೆವಲಪರ್ ಕಲಸಿದೆ. ಕೈಗವಸು ಹರಿದಿದೆ — ಮತ್ತೆ ಬೆರಳೆಲ್ಲ ಕಂದು. ಮೂರನೇ ವರ್ಷದವರು ಹದಿನಾಲ್ಕು ಜನ, ಬಂದವರು ಒಂಬತ್ತು. ಅದರಲ್ಲಿ ಐವರು ಫಿಲಂ ಅಂದರೆ ಫೋನಿನೊಳಗಿನ ಒಂದು ಫಿಲ್ಟರ್ ಎಂದುಕೊಂಡು ಕೋರ್ಸ್ ತೆಗೆದುಕೊಂಡವರು. ಕೆಲಸ ಬಲ್ಲವಳು ಜೊವಿ ಒಬ್ಬಳೇ. ಬೆಳಕಿನ ಮೀಟರು ನೋಡಿ ಅಂಕಿಯನ್ನು ಬಾಲ್‌ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಳ್ಳುತ್ತಾಳೆ. ಪುಸ್ತಕವಾದರೆ ಕಳೆದುಹೋಗುತ್ತದಂತೆ.

ಮಧ್ಯಾಹ್ನ ಡೀನ್ ಕರೆಸಿದರು.

"ಸೆಲಾಯ್ ಮೇಡಂ, ಒಳ್ಳೆ ಸುದ್ದಿ. ವೆನಾನ್ಸಿಯಾ ಕತಾದಾ ಎರಡು ತಿಂಗಳು ನಮ್ಮಲ್ಲೇ ಇರ್ತಾರೆ. ಅತಿಥಿ ಕಲಾವಿದೆ ಅಂತ. ನಿಮ್ಮ ಹಳೇ ಸ್ನೇಹಿತೆ ಅಲ್ವಾ?"

ಹೌದು ಎಂದೆ.

"ನಿಮ್ಮ ರೂಮು ಅವ್ರಿಗೆ ಬಿಟ್ಟುಕೊಟ್ರೆ... ಅಲ್ಲಿಂದ ಸಮುದ್ರ ಕಾಣ್ಸುತ್ತೆ ನೋಡಿ."

ಇಪ್ಪತ್ತೊಂಬತ್ತು ವರ್ಷದಿಂದ ಆ ಸಮುದ್ರ ನನಗೂ ಕಾಣಿಸುತ್ತಿತ್ತು. ಅದು ಯಾರ ತಲೆಗೂ ಹೊಳೆದಿರಲಿಲ್ಲ. ನಕ್ಕುಕೊಂಡೇ ಬಿಟ್ಟುಕೊಟ್ಟೆ. ಸಂಜೆ ಪುಸ್ತಕಗಳನ್ನೆಲ್ಲ ಸ್ಟೋರ್‌ರೂಮಿಗೆ ಸಾಗಿಸಿದೆ, ಜೊವಿ ಸಹಾಯ ಮಾಡಿದಳು.

ಜನವರಿ 21, ಸೋಮವಾರ

ವೆನಾನ್ಸಿಯಾ, ನನ್ನ ವೆನಿಂಗ್, ಬಂದಳು. ತಲೆ ಪೂರ್ತಿ ಬೆಳ್ಳಗೆ. ಬಣ್ಣ ಹಚ್ಚಿಲ್ಲ, ಹಚ್ಚದೆಯೂ ಚೆನ್ನಾಗಿ ಕಾಣುತ್ತಾಳೆ. ನಾನು ಮೊನ್ನೆ ಗುರುವಾರವಷ್ಟೇ ಹಚ್ಚಿಕೊಂಡಿದ್ದೆ — ಅವಳಿಗಾಗಿ ಅಲ್ಲ ಎಂದು ಇಲ್ಲಿ ಬರೆಯಲು ಹೊರಟೆ. ಇಲ್ಲಿಯೂ ಸುಳ್ಳು ಯಾಕೆ. ಅವಳಿಗಾಗಿಯೇ.

ಮನಿಲಾದಿಂದ ಎಲ್ಲರಿಗೂ ಏನಾದರೂ ತಂದಿದ್ದಾಳೆ. ಡೀನ್‌ಗೆ ಚಾಕೊಲೇಟು, ಕಾವಲಿನವನಿಗೆ ಟೋಪಿ. ಹುಡುಗರಿಗೆ ಉಳಿದ ಬಳಿದ ಫಿಲಂ ತುಂಡುಗಳು, ಚಿನ್ನ ಹಂಚಿದ ಹಾಗೆ ಹಂಚಿದಳು. ನನಗೆ ಮಂಡಿಗೆ ಹಚ್ಚುವ ಎಣ್ಣೆ.

"ನಿಂಗೆ ಮಂಡಿ ನೋವು ಅಂತ ಯಾರೋ ಅಂದ್ರು ಕಣೇ."

ಯಾರು ಅಂದರೋ ಅವರ ಬಾಯಿಗೆ ಬೀಗ ಬೀಳಲಿ.

ಅವಳ ಮೊದಲ ಕ್ಲಾಸಿಗೆ ನರ್ಸಿಂಗ್ ಹುಡುಗಿಯರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ಕ್ಯಾಮೆರಾ ಇಲ್ಲದೆ ಮಾಡಿದ ಸಿನಿಮಾ ತೋರಿಸಿದಳು. ಮಾರುಕಟ್ಟೆಯ ಮೀನಿನ ಹುರುಪೆಯನ್ನು ಫಿಲಂ ಮೇಲೆ ಒಂದೊಂದಾಗಿ ಅಂಟಿಸಿದ್ದು, ಏಳು ನಿಮಿಷ. ಪರದೆಯ ತುಂಬ ಬೆಳ್ಳಿ ಮಳೆ. ಅದನ್ನು ಅಂಟಿಸಲು ಎರಡು ವರ್ಷ ಹಿಡಿಯಿತಂತೆ. ಜೊವಿ ಬಾಯಿ ಮುಚ್ಚುವುದನ್ನೇ ಮರೆತಿದ್ದಳು.

ಚೆನ್ನಾಗಿತ್ತು. ಅದೇ ನನ್ನ ಕಷ್ಟ. ಕೆಟ್ಟದಾಗಿದ್ದರೆ ನಾನು ಎಷ್ಟು ಒಳ್ಳೆಯವಳಾಗಿರುತ್ತಿದ್ದೆ.

ಜನವರಿ 22, ಮಂಗಳವಾರ

ಸ್ಟೋರ್‌ರೂಮಿನಲ್ಲಿ ಕಿಟಕಿ ಇಲ್ಲ. ಕೂತು ಹಳೆಯದನ್ನೆಲ್ಲ ಕೆದಕಿಕೊಂಡೆ.

1986. ನಾವಿಬ್ಬರೂ ಇದೇ ಕಾಲೇಜಿನ ವಿದ್ಯಾರ್ಥಿಗಳು, ಇಬ್ಬರಿಗೂ ಸೇರಿ ಒಂದು ಸಿನಿಮಾ ಕ್ಯಾಮೆರಾ. ಫಿಲಂ ಕೊಳ್ಳಲು ಕೈಯಲ್ಲಿ ಕಾಸಿಲ್ಲ, ಹಾಗಾಗಿ ಒಂದೇ ರೋಲನ್ನು ಇಬ್ಬರೂ ಬಳಸುತ್ತಿದ್ದೆವು. ಒಬ್ಬಳು ಪೂರ್ತಿ ತೆಗೆಯುವುದು, ಕತ್ತಲಕೋಣೆಯಲ್ಲಿ ಅದನ್ನು ಹಿಂದಕ್ಕೆ ಸುತ್ತಿ ಇನ್ನೊಬ್ಬಳ ಕೈಗೆ ಕೊಡುವುದು. ಅವಳು ಅದರ ಮೇಲೆಯೇ ತನ್ನದನ್ನು ತೆಗೆಯುವುದು. ಏನು ತೆಗೆದೆ ಎಂದು ಹೇಳುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಇಬ್ಬರೂ ಅರ್ಧರ್ಧ ಬೆಳಕು ಕೊಟ್ಟರೆ ಎರಡು ಚಿತ್ರಗಳೂ ಒಂದರೊಳಗೊಂದು ಕೂತುಕೊಳ್ಳುತ್ತವೆ. ನಮ್ಮ 'ಉಪ್ಪು' ಚಿತ್ರ ಹಾಗೆ ಹುಟ್ಟಿದ್ದು. ಅವಳು ಉಪ್ಪಿನಾಗರ ತೆಗೆದಿದ್ದಳು. ನಾನು ನನ್ನ ಅಮ್ಮನ ಅಂಗೈ. ತೊಳೆದು ನೋಡಿದರೆ ಇಡೀ ಉಪ್ಪಿನಾಗರ ಒಂದು ಅಂಗೈಯೊಳಗೆ ನಿಂತಿತ್ತು. ನಾವಿಬ್ಬರೂ ನೆಲದ ಮೇಲೆ ಕೂತು ಅತ್ತಿದ್ದೆವು.

ಮನಿಲಾದ ಸ್ಪರ್ಧೆಗೆ ಅರ್ಜಿ. ನಿರ್ದೇಶಕರ ಹೆಸರಿಗೆ ಒಂದೇ ಗೆರೆ.

"ಇಬ್ರದ್ದೂ ತುರುಕ್ಲಾ?" ಅಂದಳು.

"ಬೇಡ ಬಿಡೇ, ನಿಂದೇ ಬರಿ" ಅಂದೆ.

ಊಟಕ್ಕೆ ಕರೆದರೆ ಈಗಷ್ಟೇ ಆಯಿತು ಅನ್ನುತ್ತೇವೆ. ಕರೆದವರು ಕೈ ಹಿಡಿದು ಎಳೆದು ಕೂರಿಸುತ್ತಾರೆ. ಮೊದಲ 'ಬೇಡ' ಬರೀ ಮರ್ಯಾದೆ. ಇದೇ ಊರಿನಲ್ಲಿ ಹುಟ್ಟಿದವಳಿಗೆ ಇಷ್ಟು ಗೊತ್ತಾಗುವುದಿಲ್ಲವೇ? ಅವಳು ಇನ್ನೊಮ್ಮೆ ಕೇಳಲಿಲ್ಲ. ಬರೆದುಬಿಟ್ಟಳು.

ಬಹುಮಾನ ಬಂತು. ಆಮೇಲೆ ಬರ್ಲಿನ್, ಟೋಕಿಯೊ, ಮನಿಲಾದಲ್ಲಿ ಮೇಷ್ಟ್ರಗಿರಿ. ಅವಳ ಶಿಷ್ಯರಿಗೆ ಈಗ ಶಿಷ್ಯರಿದ್ದಾರೆ. ಎಲ್ಲ ಕಡೆ ಬರೆದರು — 'ಕತಾದಾ ಅವರ ಆ ಅಂಗೈ'. ನನ್ನ ಅಮ್ಮ ಅದನ್ನು ಓದದೆಯೇ ಹೋದಳು. ನಾನು ಇಲ್ಲೇ ಉಳಿದೆ. ಹನ್ನೊಂದು ಚಿತ್ರ ಮಾಡಿದೆ. ಕಾಲೇಜಿನ ಹಾಲ್‌ನಲ್ಲಿ ತೋರಿಸಿದೆ, ಎರಡು ಸಲ ಸೆಬು ನಗರದಲ್ಲಿ.

'ಉಪ್ಪು' ಈಗ ಇಲ್ಲ. ಮನಿಲಾದ ಯಾವುದೋ ಗೋದಾಮಿಗೆ ಪ್ರವಾಹ ನುಗ್ಗಿ ಹೋಯಿತು. ಸುದ್ದಿ ಕೇಳಿದ ದಿನ ನನಗೆ ದುಃಖವಾಗಲಿಲ್ಲ.

ಜನವರಿ 30, ಬುಧವಾರ. ಬೆಳಿಗ್ಗೆ 9

ಮಾರುಕಟ್ಟೆಯ ಬೆಂಚಿನ ಮೇಲೆ ಇಬ್ಬರೂ ಕೂತು ಅಂಟಕ್ಕಿಯ ಕಡುಬು, ಬುಡ್ಬುಡ್, ತಿಂದೆವು. ಬಾಳೆಲೆ ಬಿಚ್ಚಿ, ಬಿಸಿ ಚಾಕೊಲೇಟಿನಲ್ಲಿ ಅದ್ದಿ. ವೆನಿಂಗ್ ನಾಲ್ಕು ಮುಗಿಸಿದಳು. ಅವಳ ಮಂಡಿಗೆ ಏನೂ ಆಗುವುದಿಲ್ಲ, ಹೊಟ್ಟೆಗೂ ಏನೂ ಆಗುವುದಿಲ್ಲ.

"ಸೆಲಾಯ್, 'ಉಪ್ಪು' ಮತ್ತೆ ತೆಗೀತೀನಿ."

"ಯಾಕೆ, ಹಳೇದಕ್ಕೆ ಬಂದ ಬಹುಮಾನ ಸಾಲ್ಲಿಲ್ವಾ?"

"ಹಳೇದು ಎಲ್ಲಿದೆಯೇ? ಬರೀ ಪುಸ್ತಕದಲ್ಲಿದೆ. ಹುಡುಗ್ರಿಗೆ ತೋರ್ಸೋಣ ಅಂದ್ರೆ ಒಂದು ಅಡಿ ಫಿಲಂ ಇಲ್ಲ." ಬಿಸಿ ಚಾಕೊಲೇಟನ್ನು ಊದಿ ಆರಿಸಿಕೊಂಡಳು. "ಎರಡು ರೋಲ್ ತಂದಿದೀನಿ. ಮೊದಲ್ನೇ ಸುತ್ತು ನಂದು. ಎರಡನೇದು ನೀನು ಮಾಡ್ತೀಯಾ?"

ಮೂವತ್ತಮೂರು ವರ್ಷ ಕಾದ ಮಾತು. ನನ್ನ ಬಾಯಿ ಏನು ಹೇಳಿತು? "ಅಯ್ಯೋ ಬೇಡ ಬಿಡೇ. ಈ ಮಂಡಿ ಇಟ್ಕೊಂಡು ಉಪ್ಪಿನಾಗರದಲ್ಲಿ ಯಾರು ನಡೀತಾರೆ."

ಕಾದೆ. ಅಂಗಡಿಯ ಮಾನಾಂಗ್ ಗೊರಿಂಗ್, ಊರಿಗೆಲ್ಲ ಅಕ್ಕ, ಬಂದು "ಇನ್ನೊಂದು ಹಾಕ್ಲಾ ತಾಯಿ?" ಅಂದಳು. ಬೇಡ, ಹೊಟ್ಟೆ ತುಂಬಿತು ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ, ತಟ್ಟೆಗೆ ಹಾಕಿ ಹೋದಳು. ಹಾಗಿರಬೇಕು ಮನುಷ್ಯರು.

ವೆನಿಂಗ್ ಬಾಯಿ ಒರೆಸಿಕೊಂಡಳು. "ಸರಿ ಬಿಡು. ಬಲವಂತ ಮಾಡಲ್ಲ."

ಜನವರಿ 31, ಗುರುವಾರ

ಎರಡನೇ ಸುತ್ತು ಜೊವಿಗೆ. ಕ್ಲಾಸಿನಲ್ಲಿ ಎಲ್ಲರೆದುರು ಹೇಳಿದಳು. ಜೂನ್‌ನಿಂದ ಮನಿಲಾದಲ್ಲಿ ತನ್ನ ಸಹಾಯಕಿಯಾಗಿಯೂ ಬರಬೇಕಂತೆ.

"ಸೆಲಾಯ್ ಪಳಗಿಸಿದ ಕೈ. ನಂಗೆ ಬೇರೆ ಸಾಕ್ಷಿ ಬೇಕಿಲ್ಲ" ಅಂದಳು. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಜೊವಿ ಸ್ಟೋರ್‌ರೂಮಿಗೆ ಬಂದಳು. "ಮೇಡಂ, ನಿಮ್ಗೆ ಬೇಜಾರಿಲ್ಲ ತಾನೆ? ಅದು ನಿಮ್ಮ ಜಾಗ ಅಂತ ನಂಗೆ ಗೊತ್ತು."

"ಹುಚ್ಚು ಹುಡುಗಿ. ಹೋಗು, ಮೀಟರಿಗೆ ಬ್ಯಾಟರಿ ಹಾಕ್ಕೋ."

ಅವಳ ಮೇಲೂ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷದ ಹುಡುಗಿ, ನನ್ನ ಕೈಯಲ್ಲೇ ಕಲಿತವಳು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಉರಿದದ್ದು ನಿಜ.

ಫೆಬ್ರವರಿ 9, ಶನಿವಾರ

ವೆನಿಂಗ್ ಉಪ್ಪಿನಾಗರಕ್ಕೆ ಹೋಗಿ ತನ್ನ ಸುತ್ತು ಮುಗಿಸಿ ಬಂದಳು. ಬಾ ಎಂದು ಕರೆದಿದ್ದಳು. ಬಟ್ಟೆ ಒಗೆಯುವುದಿದೆ ಎಂದೆ. ಒಗೆದೆ. ಒಗೆದಿದ್ದನ್ನೇ ಮತ್ತೆ ಒಗೆದೆ.

ಫೆಬ್ರವರಿ 12, ಮಂಗಳವಾರ. ಸಂಜೆ 5

ರೋಲು ಹಿಂದಕ್ಕೆ ಸುತ್ತಿ ಡಬ್ಬಿಯಲ್ಲಿಟ್ಟಾಗಿದೆ. ಲ್ಯಾಬಿನ ಫ್ರಿಜ್ಜಿನಲ್ಲಿದೆ. ಮುಚ್ಚಳದ ಮೇಲೆ ವೆನಿಂಗ್‌ಳ ದುಂಡು ಅಕ್ಷರ — 'ಉಪ್ಪು, ಒಂದನೇ ಸುತ್ತು. ಮುಂದೆ: ಜೊವಿ.' ಜೊವಿ ತೆಗೆಯುವುದು ಇಪ್ಪತ್ತಮೂರಕ್ಕೆ, ಅದೇ ಉಪ್ಪಿನಾಗರದಲ್ಲಿ.

ಫ್ರಿಜ್ಜಿನ ಬೀಗದ ಕೈ ನನ್ನ ಹತ್ತಿರ ಇದೆ.

ಫೆಬ್ರವರಿ 13, ಬುಧವಾರ. ಬೆಳಿಗ್ಗೆ 6:20, ಬಸ್ಸಿನಲ್ಲಿ

ರಜೆ ಹಾಕಿದ್ದೇನೆ. ಮಂಡಿ ನೋವು ಎಂದು ಬರೆದೆ, ಅದು ಸುಳ್ಳಲ್ಲ. ಮಡಿಲಲ್ಲಿ ನನ್ನ ಹಳೆಯ ಕ್ಯಾಮೆರಾ, ಅದರೊಳಗೆ ಆ ರೋಲು. ಅಕ್ಷರ ಕುಣಿಯುತ್ತಿರುವುದು ಬಸ್ಸಿನಿಂದಷ್ಟೇ ಅಲ್ಲ.

ಯಾರದ್ದನ್ನೂ ಕದಿಯುತ್ತಿಲ್ಲ. ನನ್ನ ಜಾಗದಲ್ಲಿ ನಾನು ಕೂತುಕೊಳ್ಳುತ್ತಿದ್ದೇನೆ, ಅಷ್ಟೇ.

ಸಂಜೆ 4

ಆಯಿತು. ಡಬ್ಬಿ ಮತ್ತೆ ಫ್ರಿಜ್ಜಿನಲ್ಲಿ.

ಉಪ್ಪು ಗೋರುವ ಹೆಂಗಸು ನನ್ನ ಅಂಗೈ ತುಂಬ ಉಪ್ಪು ಸುರಿದಳು. ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಅಮ್ಮನ ಅಂಗೈಯ ಹಾಗೆ ಇಲ್ಲ ನನ್ನದು. ಡೆವಲಪರಿನ ಕಲೆ, ಗೆರೆಗಳೆಲ್ಲ ಕಂದು. ಆದರೂ ತೆಗೆದೆ, ರೋಲು ಮುಗಿಯುವವರೆಗೆ ಅದನ್ನೇ ತೆಗೆದೆ. "ಏನಮ್ಮಾ, ಕೈ ಕಳ್ಕೊಂಡಿದ್ಯಾ, ಅಷ್ಟೊತ್ತಿಂದ ಅದನ್ನೇ ಹುಡುಕ್ತಿದೀಯ" ಎಂದು ಆಕೆ ನಕ್ಕಳು. ಇಷ್ಟು ಸಂತೋಷವಾಗಿ ಎಷ್ಟು ವರ್ಷವಾಗಿತ್ತೋ.

ಒಂದು ಮಾತು ಬರೆದಿಡಬೇಕು. ಅರ್ಧ ಬೆಳಕು ಕೊಡಬೇಕಿತ್ತು. ಕೊಡಲಿಲ್ಲ. ಪೂರ್ತಿ ಕೊಟ್ಟೆ, ಪೂರ್ತಿಗಿಂತ ಹೆಚ್ಚೇ ಕೊಟ್ಟೆ. ಬೇಕೆಂದೇ. ಅವರಿಬ್ಬರದ್ದೂ ಅಡಿಯಲ್ಲಿರಲಿ, ನನ್ನದು ಮೇಲೆದ್ದು ಕಾಣಲಿ ಎಂದು. ಫಿಲಂ ತಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಹೊಟ್ಟೆಕಿಚ್ಚಿನಲ್ಲಿ ಹಾಕಿದ ಲೆಕ್ಕ.

ಫೆಬ್ರವರಿ 26, ಮಂಗಳವಾರ

ತೊಳೆದೆವು. ಹದಿನಾಲ್ಕು ಜನರೂ ಬಂದಿದ್ದರು. ಡೀನ್ ಕೂಡ, ಮೂಗಿಗೆ ಕರವಸ್ತ್ರ ಹಿಡಿದು. ಜೊವಿ ಗಡಿಯಾರ ಹಿಡಿದು ನಿಮಿಷ ಕೂಗುತ್ತಿದ್ದಳು. ನಾನು ತೊಟ್ಟಿ ಅಲುಗಿಸಿದೆ, ವೆನಿಂಗ್ ಮುಚ್ಚಳ ತೆಗೆದಳು.

ಬರಿದು. ಈ ಜಾತಿಯ ಫಿಲಂ ಬೆಳಕು ಹೆಚ್ಚಾದಷ್ಟೂ ತಿಳಿಯಾಗುತ್ತದೆ. ಇದು ಪೂರ್ತಿ ತಿಳಿ. ಗಾಜು. ಮೂವತ್ತು ಮೀಟರ್ ಉದ್ದಕ್ಕೂ ಏನಿಲ್ಲ. ಅವಳ ಉಪ್ಪಿನಾಗರ ಇಲ್ಲ, ಜೊವಿಯದ್ದು ಏನಿತ್ತೋ ಅದೂ ಇಲ್ಲ, ನನ್ನ ಅಂಗೈಯೂ ಇಲ್ಲ.

ಜೊವಿ ಮುಂಗೈಯಿಂದ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದ ಅಂಕಿಗಳನ್ನು ಮೇಲಿಂದ ಕೆಳಗೆ ಓದಿದಳು. ಮತ್ತೆ ಓದಿದಳು. "ಸರಿಯಾಗೇ ಇದೆ ಮೇಡಂ. ಪ್ರತಿ ಸಲ ಎರಡೆರಡು ಸಾರಿ ನೋಡಿದ್ದೆ. ಅರ್ಧಾನೇ ಕೊಟ್ಟಿದ್ದೆ." ಅವಳು ನೋಡಿದ್ದು ವೆನಿಂಗ್‌ಳನ್ನಲ್ಲ, ನನ್ನನ್ನು.

ನಾನು ಹೇಳಿದೆ: "ಉಪ್ಪಿನ ಬಿಳುಪು ಮೀಟರಿಗೆ ಮೋಸ ಮಾಡತ್ತೆ ಜೊವಿ. ಹೊಸಬರಿಗೆ ಆಗೋದೇ."

ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದವಳು ತಲೆಕೆಳಗಾದ ಪಾಠ ಹೇಳಿದೆ. ಬಿಳಿ ಉಪ್ಪು ನೋಡಿ ಮೀಟರು ಮೋಸಹೋದರೆ ಚಿತ್ರ ಕಪ್ಪಾಗುತ್ತದೆ. ತಿಳಿಯಾಗುವುದಿಲ್ಲ. ಮೊದಲ ವರ್ಷದವರಿಗೂ ಗೊತ್ತಿರಬೇಕಾದದ್ದು. ಜೊವಿ ನನ್ನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಳು. ನಾನು ಹೇಳಿದ್ದನ್ನೆಲ್ಲ ಅವಳು ಹಾಗೇ ಬರೆದುಕೊಳ್ಳುತ್ತಾಳೆ.

ವೆನಿಂಗ್ ಫಿಲಂ ತುಂಡನ್ನು ಕಿಟಕಿಗೆ ಹಿಡಿದು ನಿಂತಿದ್ದಳು. ಆಮೇಲೆ ನನ್ನನ್ನು ನೋಡಿದಳು. ನೋಡಿದಳೋ, ನನಗೆ ಹಾಗೆನಿಸಿತೋ.

ಫೆಬ್ರವರಿ 27

ಹುಷಾರಿಲ್ಲ ಎಂದು ಮನೆಯಲ್ಲೇ ಇದ್ದೆ.

ಮಾರ್ಚ್ 1, ಶುಕ್ರವಾರ

ಜೊವಿ ಮೂರು ದಿನದಿಂದ ಕ್ಲಾಸಿಗೆ ಇಲ್ಲ. ಇವತ್ತು ಬಂದಳು, ಒಂದು ಕಾಗದ ಹಿಡಿದು. ಕೋರ್ಸ್ ಬದಲಾವಣೆ ಅರ್ಜಿ. ಮುಂದಿನ ವರ್ಷದಿಂದ ಟೂರಿಸಂ. ಮಾರ್ಗದರ್ಶಕರ ಸಹಿ ಬೇಕು, ಅದು ನನ್ನದು. ಕಡೆಯ ದಿನ ಹನ್ನೊಂದನೇ ತಾರೀಕು.

"ಇದ್ಯಾಕೆ?"

"ಕತಾದಾ ಮೇಡಂ ಹತ್ರ ಇದ್ದಿದ್ದು ಎರಡೇ ರೋಲು. ಅದ್ರಲ್ಲಿ ಒಂದನ್ನ ಹಾಳು ಮಾಡ್ದೆ. ನಂಗೆ ಲೆಕ್ಕ ಒಂದೇ ಬರ್ತಿದ್ದಿದ್ದು ಮೇಡಂ, ಅದೂ ಬರಲ್ಲ ಅಂದ್ಮೇಲೆ..." ಮೂಗು ಒರೆಸಿಕೊಂಡಳು. "ಮನಿಲಾಗೂ ಬರಲ್ಲ ಅಂತ ಹೇಳ್ಬಿಟ್ಟೆ."

"ಒಂದು ಸಲ ತಪ್ಪಾಯ್ತು ಅಂತ ಯಾರಾದ್ರೂ..."

"ನೀವೇ ಹೇಳಿದ್ರಲ್ಲ, ಮೋಸ ಹೋದೆ ಅಂತ. ಎಲ್ಲಿ ಮೋಸ ಹೋದೆ ಅಂತ್ಲೇ ಗೊತ್ತಾಗ್ತಿಲ್ಲ ನಂಗೆ. ಅದೇ ಭಯ."

ಇಟ್ಟು ಹೋಗು, ನೋಡುತ್ತೇನೆ ಎಂದೆ. ಅವಳ ಮುಂಗೈ ಮೇಲೆ ಒಂದು ಅಂಕಿಯೂ ಇರಲಿಲ್ಲ, ಉಜ್ಜಿ ತೊಳೆದು ಕೆಂಪಾಗಿತ್ತು.

ಮಾರ್ಚ್ 4, ಸೋಮವಾರ

ವೆನಿಂಗ್ ಸ್ಟೋರ್‌ರೂಮಿಗೆ ಬಂದಳು. ಬಂದವಳೇ ಡಬ್ಬಿಗಳ ನಡುವೆ ಜಾಗ ಮಾಡಿಕೊಂಡು ನೆಲದ ಮೇಲೆ ಕೂತಳು, 86ರಲ್ಲಿ ಕೂರುತ್ತಿದ್ದ ಹಾಗೆ.

"ಇನ್ನೊಂದು ರೋಲಿದೆ. ನಿನ್ನೆ ನನ್ನ ಸುತ್ತು ಮುಗಿಸ್ದೆ. ಎರಡನೇದು ನೀನು."

"ಆಗ್ಲಿ" ಎಂದೆ. ಅವಳ ಮಾತು ಮುಗಿಯುವ ಮೊದಲೇ ಎಂದುಬಿಟ್ಟೆ.

ನಕ್ಕಳು. "ಏನೇ ಇದು, ಒಂದೇ ಸಲಕ್ಕೆ ಒಪ್ಪಿಬಿಟ್ಟೆ. ನಾನು ಬಲವಂತ ಮಾಡೋಕೆ ತಯಾರಾಗಿ ಬಂದಿದ್ದೆ."

ಆಮೇಲೆ ಕೇಳಿಯೇಬಿಟ್ಟೆ. ಅವತ್ತು ಅರ್ಜಿಯಲ್ಲಿ ಇನ್ನೊಂದು ಸಲ ಯಾಕೆ ಕೇಳಲಿಲ್ಲ ಎಂದು. ವೆನಿಂಗ್ ಪಕ್ಕದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

"ಕೇಳಿದ್ರೆ ನೀನು ಹ್ಞೂಂ ಅಂತಿದ್ದೆ. ಅದಕ್ಕೇ."

ಇಷ್ಟು ವರ್ಷ ಅವಳಿಗೆ ರೀತಿ ನೀತಿ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿತ್ತು. ಗೊತ್ತಿದ್ದೇ ಬರೆದುಕೊಂಡಳು. ಕೆನ್ನೆಗೆ ಹೊಡೆಯಬೇಕು ಅನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನಿಸಿತು. ಎರಡೂ ಮಾಡಲಿಲ್ಲ. ಅವಳು ಎದ್ದು ಲಂಗದ ಧೂಳು ಕೊಡವಿಕೊಂಡಳು.

"ಹೊಸದಕ್ಕೆ ಎರಡು ಹೆಸ್ರು. ನಿಂದು ಮೊದ್ಲು. ಶನಿವಾರ ಹೋಗೋಣ." ಬಾಗಿಲಲ್ಲಿ ನಿಂತಳು. "ಬಿಳಿ ಕಂಡ್ರೆ ಮೀಟರು ಏನ್ಮಾಡತ್ತೆ ಅಂತ ನಂಗೆ ಹೇಳಿಕೊಟ್ಟಿದ್ದೇ ನೀನು. ನೆನಪಿದ್ಯಾ?"

ನೆನಪಿಲ್ಲ ಎಂದೆ.

"ಸರಿ" ಅಂದು ಹೋದಳು.

ಅವಳಿಗೆ ಗೊತ್ತು. ಗೊತ್ತಿದ್ದೂ ನನಗೆ ಕೊಟ್ಟಳು. ಕೇಳದೇ ಇರುವುದರಲ್ಲಿ ಅವಳದು ಯಾವತ್ತೂ ಎತ್ತಿದ ಕೈ.

ಮಾರ್ಚ್ 6, ಬೂದಿ ಬುಧವಾರ

ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡೆ. ಎರಡು ಸಾಲು ಮುಂದೆ ಜೊವಿ ಮತ್ತು ಅವಳ ಅಮ್ಮ. ಹೊರಗೆ ಬಂದಾಗ ಅವಳ ಅಮ್ಮ ನನ್ನ ಕೈ ಹಿಡಿದುಕೊಂಡರು.

"ಮೇಡಂ, ಇವ್ಳನ್ನ ಇಷ್ಟು ವರ್ಷ ಸಹಿಸ್ಕೊಂಡಿದ್ದಕ್ಕೆ ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಮನಿಲಾಗೆ ಹೋಗ್ತಾಳೆ ಅಂತ ಊರಿಗೆಲ್ಲ ಹೇಳ್ಕೊಂಡಿದ್ದೆ ನಾನು. ಹೋಗ್ಲಿ, ಎಲ್ರಿಗೂ ಎಲ್ಲ ಕೈ ಹತ್ತಲ್ಲ."

ಅಲ್ಲೇ ಹೇಳಬಹುದಿತ್ತು. ಎರಡು ವಾಕ್ಯ. ಹೇಳಿದರೆ ಡೀನ್‌ಗೆ ಹೋಗುತ್ತದೆ, ಹುಡುಗರಿಗೆ ಹೋಗುತ್ತದೆ, ಶನಿವಾರವೇ ಕೈತಪ್ಪಿ ಹೋಗುತ್ತದೆ. ಇಡೀ ಜೀವಮಾನದಲ್ಲಿ ನಾನು ಬೇಕೆಂದು ಕೇಳಿದ್ದು ಒಂದೇ ಒಂದು. ಅದು ಶನಿವಾರ ಇದೆ.

ಅರ್ಜಿ ಮೇಜಿನ ಮೇಲೆ ಹಾಗೇ ಇದೆ. ಸಹಿ ಹಾಕಿಲ್ಲ. ಹರಿದೂ ಇಲ್ಲ.

ಮಾರ್ಚ್ 9, ಶನಿವಾರ. ಬೆಳಿಗ್ಗೆ 7:40

ಉಪ್ಪಿನಾಗರದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕ್ಯಾಮೆರಾ ಮಡಿಲಲ್ಲಿದೆ. ಬಿಸಿಲು ಸರಿಯಾಗಿದೆ. ಗಾಳಿ ಇಲ್ಲ. ಇನ್ನರ್ಧ ಗಂಟೆ ಹೀಗೇ ಇರುತ್ತದೆ, ಆಮೇಲೆ ಉಪ್ಪು ಕಣ್ಣಿಗೆ ಹೊಡೆಯುತ್ತದೆ.

ವೆನಿಂಗ್ ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಳೆ, ನಾನು ತೆಗೆಯುವುದನ್ನು ನೋಡಬಾರದಲ್ಲ. ಅವಳೇ ಜೊವಿಯನ್ನು ಕರೆತಂದದ್ದು, ಟ್ರೈಪಾಡ್ ಹೊರಲು ಯಾರಾದರೂ ಬೇಕೆಂದು ನೆಪ ಹೇಳಿ. ಈ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಒಂದು ಮಾತೂ ಆಡದೆ ನನ್ನನ್ನು ಇಲ್ಲಿ ತಂದು ಕೂರಿಸಿದ್ದಾಳೆ.

ಬೆಳಕು ಎಷ್ಟಿದೆ ನೋಡು ಎಂದೆ ಜೊವಿಗೆ. ಮೀಟರನ್ನು ನನ್ನ ಕೈಗಿಟ್ಟಳು. "ನೀವೇ ನೋಡಿ ಮೇಡಂ. ನಾನು ನೋಡಿದ್ರೆ ಮತ್ತೆ ಹಾಳಾಗತ್ತೆ." ಹೇಳಿ ಆ ಕಡೆ ಹೋಗಿ ನೀರಿನ ಹತ್ತಿರ ನಿಂತಳು. ನನ್ನ ಕಡೆ ನೋಡುತ್ತಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಾಳೆ, ಮುಟ್ಟಿದರೆ ಏನಾದರೂ ಆಗಿಬಿಡುತ್ತದೆ ಅನ್ನುವ ಹಾಗೆ.

ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬಳಿಗೆ ಸರಿಯಾಗಿ ಕಲಿಸಿದ್ದೆ. ಅದನ್ನೂ ಅವಳು ಮರೆಯುವ ಹಾಗೆ ನಾನೇ ಮಾಡಿದೆ.

ಕರೆದೆ. ಬದುವಿನ ಮೇಲೆ ಬರುತ್ತಿದ್ದಾಳೆ, ನಿಧಾನವಾಗಿ, ಉಪ್ಪು ತುಳಿಯದೆ. ಹೇಳುವುದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಬಾಯಿಯನ್ನು ನಂಬುವುದಕ್ಕಾಗುವುದಿಲ್ಲ — ಜೊವಿ, ಅವತ್ತು ನಾನು ಹೇಳಿದ ಪಾಠ ತಪ್ಪು. ನಿನ್ನ ಲೆಕ್ಕ ಸರಿಯಾಗಿತ್ತು. ಆ ರೋಲಿನಲ್ಲಿ ನಿನಗಿಂತ ಮೊದಲು ನಾನು